ಹದಿನೇಳನೆಯ ಎಳೆ

ಮಗ್ಗದಿಂದ ಹಣಿಗೆ ಬಿಚ್ಚಬೇಡ ಎಂದು ಅತ್ತೆ ಮೂರು ಸಲ ಹೇಳಿದಳು. ಸಿದ್ದಲಿಂಗವ್ವ ಬಿಚ್ಚಿದಳು.

ಎಳೆಗಳನ್ನು ಬಿಡಿಸಿ ಹಿಡಿಯುವ ಆ ಬಾಚಣಿಗೆಯಂಥ ಹಣಿಗೆಯಲ್ಲಿ ಹಳೆಯ ಹಾಸಿನ, ಅಂದರೆ ಸೀರೆಯ ಉದ್ದಕ್ಕೆ ಓಡುವ ಎಳೆಗಳ, ತುದಿಗಳು ಗೇಣುದ್ದ ಉಳಿದಿದ್ದವು. ಸೀರೆ ಕತ್ತರಿಸಿದ ಮೇಲೂ ನೇಕಾರರು ಅವನ್ನು ತೆಗೆಯುವುದಿಲ್ಲ. ಹೊಸ ಹಾಸಿನ ಒಂದೊಂದು ಎಳೆಯನ್ನೂ ಅವಕ್ಕೇ ಹೊಸೆದು ಕೂಡಿಸುತ್ತಾರೆ. ಬಿಚ್ಚಿದರೆ ಮತ್ತೆ ಕಟ್ಟಲು ನಾಲ್ಕು ದಿನ.

ಬೇರೆ ದಾರಿ ಇರಲಿಲ್ಲ. ಆಗ ಗಜೇಂದ್ರಗಡದ ಆಚೆ ಹೈದರಾಬಾದ ಸಂಸ್ಥಾನದ ಸರಹದ್ದು. ರೋಣದ ನೇಕಾರರ ಸಂಘದ ಮುದ್ರೆ ಒಡೆಯದೆ ಗಡಿಯ ಸುಂಕದ ನಾಕೆ ಮುಟ್ಟಿದ ಕೈಮಗ್ಗದ ಗಂಟಿಗೆ ಅರ್ಧ ಸುಂಕ. ಮೊನ್ನೆ ಗಾಡಿಯ ಫಕ್ರುಸಾಬ ಇಟಗಿಯಲ್ಲಿ ಮೇಲಿನ ಗಂಟು ಬಿಚ್ಚಿಬಿಟ್ಟಿದ್ದ. ಅದು ಸಿದ್ದಲಿಂಗವ್ವ ನೇಯ್ದ ಮೂರು ಸೀರೆಗಳ ಗಂಟು. ಹೊಸ ಸೀರೆ ಅಲ್ಲಿನ ಭೀಮವ್ವನ ಗುಡಿ ದಾಟುವಾಗ ಸೆರಗಿಗೆ ಚಿಟಿಕೆ ಅರಿಶಿನ ಹಚ್ಚಿಸುವುದು ಅವನ ಅಪ್ಪನ ಕಾಲದ ರೂಢಿ. ಮುದ್ರೆಯ ನೆನಪೇ ಆಗಲಿಲ್ಲ.

ಮುದ್ರೆ ಒಡೆದದ್ದು ಕಂಡು ನಾಕೆಯ ಕಾರಕೂನ ಗುರುಸಂಗಪ್ಪ ಗಂಟಿಗೆ ತನ್ನ ಅರಗು ಒತ್ತಿ ತಡೆಹಿಡಿದ. ದಾರಿಯಲ್ಲಿ ಗಿರಣಿ ಸೀರೆ ಸೇರಿಸಿದ್ದಾರೆಂಬ ಗುಮಾನಿ ಅವನಿಗೆ. ಮೂರು ದಿನದೊಳಗೆ ಅದು ಸುಳ್ಳೆಂದು ತೋರಿಸದಿದ್ದರೆ ಇಡೀ ಸಂಘದ ರಿಯಾಯತಿ ರದ್ದು. ಪೂರ್ತಿ ಸುಂಕಕ್ಕೆ ಕೊಳ್ಳುವವರಿಲ್ಲ. ಹನ್ನೊಂದು ಮಗ್ಗ ನಿಲ್ಲುತ್ತವೆ.

ಗಾಡಿಯಲ್ಲಿ ಹಣಿಗೆಯನ್ನು ಅವಳು ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡಳು.

"ಯಕ್ಕಾ, ಈ ಹಣಗಿ ಕೊಟ್ರ ಆ ಕಾರಕೂನ ತಲಿ ಬಾಚ್ಕೋತಾನ, ಅಷ್ಟ."

"ಅವಗ ಕೂದಲಾ ಎಲ್ಲಿ ಅದಾವೋ ಫಕ್ರುಸಾಬ? ಎತ್ತ ಲಗೂ ಹೊಡಿ."

"ಇಟಗ್ಯಾಗ ಒಂಚೂರು ನಿಂದ್ರಸ್ಲಿ?"

"ನಿಂದ್ರಸು, ನಿನ್ನ ನೊಗಕ್ಕ ಕಟ್ಟತೀನಿ."

ನಗಲು ಅವಳಿಗೆ ಮನಸ್ಸಿರಲಿಲ್ಲ. ಸಿದ್ದಲಿಂಗವ್ವನ ಕೈಗೆ ತಪ್ಪು ಗೊತ್ತಿಲ್ಲ ಎನ್ನುತ್ತಿತ್ತು ರೋಣ. ಒಂದು ತಪ್ಪು ಅವಳಿಗೆ ಗೊತ್ತಿತ್ತು, ಅದನ್ನು ಈಗ ನಾಲ್ಕು ಜನರ ಮುಂದೆ ಹೇಳಬೇಕಿತ್ತು.

ನಾಕೆಯಲ್ಲಿ ಸಂಘದ ಕಾರ್ಯದರ್ಶಿ ಕಳಕಪ್ಪ ಬೆಳಗಿನಿಂದ ಕಾದಿದ್ದ. ಗಾಡಿಯವರು ಸುತ್ತ ನೆರೆದರು.

"ಏನವಾ, ಭೀಮವ್ವ ಮುದ್ರಿ ಒಡೀ ಅಂತ ಅಪ್ಪಣಿ ಕೊಟ್ಟಿದ್ದಳೇನು?" ಎಂದ ಗುರುಸಂಗಪ್ಪ.

"ಗಂಟ ನಿಮ್ಮ ಅರಗಿನ್ಯಾಗ ಐತ್ರಿ. ನಾ ಮುಟ್ಟಂಗಿಲ್ಲ. ನೀವ ಬಿಚ್ರಿ. ಮೂರೂ ಸೀರಿ ಒಂದ ಹಾಸಿನವು. ಎಡದ ಕೆಂಪು ದಡಿ, ಹೊರಗಿನಿಂದ ಹದಿನೇಳನೇ ಎಳಿ ನೋಡ್ರಿ. ಹಸರ ಐತಿ. ಈ ಹಣಗ್ಯಾಗ ಉಳದಿದ್ದೂ ಅದ ಹಾಸಿನ ತುದಿ, ತಾಳಿ ನೋಡ್ರಿ."

"ಹಸರ? ಯಾಕ?" ಕಳಕಪ್ಪನ ಮುಖ ಕಪ್ಪಿಟ್ಟಿತು.

"ತಪ್ಪಿದ್ದು. ಹಾಸು ಕೂಡಸೋ ಮುಂದ ಮೋಡ ಮುಚ್ಚಿತ್ತು, ಬಣ್ಣ ತಿಳೀಲಿಲ್ಲ. ಆಮ್ಯಾಲ ಕಂಡಿತು. ನಾ ಬಾಯಿ ಬಿಡಲಿಲ್ಲ."

"ಕುಂದಿನ ಮಾಲು ಒಂದನೇ ದರ್ಜಿ ಅಂತ ಕೊಟ್ಟಿ!"

"ಕೊಟ್ಟೆ. ಊರಿಗೆ ಹೋಗಿ ಬೈಯ್ರಿ. ಈಗ ಎಣಸಗೊಡ್ರಿ."

ಗುರುಸಂಗಪ್ಪ ಅರಗು ಒಡೆದ. ಸೂಜಿ ಹಿಡಿದು ಎಣಿಸಿದ. ಹದಿನೇಳಕ್ಕೆ ಸೂಜಿ ನಿಂತಿತು. ಎರಡನೆಯ ಸೀರೆಯಲ್ಲೂ ಅಲ್ಲೇ, ಅರಿಶಿನದ ಕಲೆಯಿದ್ದ ಮೂರನೆಯದರಲ್ಲೂ ಅಲ್ಲೇ. ಕೊನೆಗೆ ಹಣಿಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಕೆಂಪು ತುದಿಗಳ ನಡುವೆ ಅದೇ ಜಾಗದಲ್ಲಿ ಹಸಿರು ತುದಿಯೊಂದು ಇಳಿಬಿದ್ದಿತ್ತು. ಫಕ್ರುಸಾಬ ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡ.

ಕಾರಕೂನ ಹಸಿರು ತುದಿಯಿಂದ ಬೆರಳುದ್ದ ಕತ್ತರಿಸಿ ಕಾಗದಕ್ಕೆ ಅಂಟಿಸಿದ. ಅರ್ಧ ಸುಂಕದ ಚೀಟಿಗೆ ಸಹಿ ಹಾಕಿದ.

"ಚಲೋ ಗುರುತು ಬಿಡವಾ ಇದು. ಮುಂದಿನ ಹಾಸಿನ್ಯಾಗೂ ಇಷ್ಟು ಹಸರ ಬಿಟ್ಟಿರು. ಮುದ್ರಿ ಹೋದ್ರೂ ಗುರುತು ಹಿಡೀತೀನಿ."

"ಇಲ್ರಿ. ಮುಂದಿನ ಹಾಸಿನ್ಯಾಗ ತಪ್ಪು ಇರಂಗಿಲ್ಲ. ಮುದ್ರಿ ಕಾಯಾಕ ನಾನ ಗಾಡಿ ಏರಿ ಬರತೀನಿ."

ಹೊರಗೆ ಬಂದು ಅವಳು ಗಾಡಿಯ ಮೇಲೆ ಕೂತಳು, ಹಣಿಗೆಯನ್ನು ತೊಡೆಗೆ ಏರಿಸಿಕೊಂಡಳು. ಎತ್ತುಗಳು ಹೊರಡುವ ಮೊದಲೇ ಉಳಿದ ಹಸಿರು ಎಳೆಯನ್ನು ಉಗುರಲ್ಲಿ ಹಿಡಿದು ಎಳೆದು ತೆಗೆದಳು.