ಇಬ್ಬರು ಶಾಂತವ್ವರು, ಒಂದು ಮೊಣಕಾಲು

"ಬಲ ಮೊಣಕಾಲು ಆಗಲೇ ಬದಲಾಯಿಸಿದ್ದಾರಲ್ಲ, ಮತ್ತೆ ಯಾಕೆ?" ಎಂದು ನರ್ಸ್ ಇಂಗ್ಲಿಷಿನಲ್ಲಿ ಕೇಳಿದಳು.

ಮಧುಶ್ರೀ ಅದನ್ನು ಕನ್ನಡದಲ್ಲಿ ಹೇಳಿದ್ದೇ ಅವಳ ಅತ್ತೆ ಶಾಂತವ್ವ ಸೀರೆಯನ್ನು ಮೊಣಕಾಲಿನ ತನಕ ಎತ್ತಿದಳು. ಊದಿ ಬೆಲ್ಲದ ಪೆಂಟೆಯಂತಾಗಿದ್ದ ಮೊಣಕಾಲು. ಎಲ್ಲೂ ಹೊಲಿಗೆಯ ಗುರುತಿಲ್ಲ.

"ಬದಲ್ ಮಾಡಿದ್ದು ಇದೇನು ಅಂತ ಕೇಳು ಆಕಿನ್ನ. ಹೊಸಾದು ಹಿಂಗಿದ್ರ ನನ್ನ ಹಳೇದು ವಾಪಸ್ ಕೊಡು ಅನ್ನು."

ನರ್ಸ್ ಪರದೆಯನ್ನು ಅವರ ಕಡೆ ತಿರುಗಿಸಿದಳು. ಡಲ್ಲಾಸಿನ ಒಂದು ಆಸ್ಪತ್ರೆ, ಹೋದ ವರ್ಷ, ಅಂದರೆ ೨೦೧೫ರಲ್ಲಿ, ಬಲ ಮೊಣಕಾಲು ಬದಲಾವಣೆ. ರಕ್ತದ ಗುಂಪು ಓ. ಸಲ್ಫಾ ಔಷಧಿ ಆಗಿಬರುವುದಿಲ್ಲ. ಶಾಂತವ್ವ ಡಲ್ಲಾಸನ್ನು ಒಮ್ಮೆಯೂ ಕಂಡವಳಲ್ಲ. ಹ್ಯೂಸ್ಟನ್ನಿನ ಈ ಆಸ್ಪತ್ರೆಯಲ್ಲಿ ನಿನ್ನೆ ತಾನೇ ಪರೀಕ್ಷಿಸಿದ ಅವಳ ರಕ್ತ ಬಿ ಗುಂಪಿನದು.

ಅರಿವಳಿಕೆ ಕೊಡುವ ಡಾಕ್ಟರ್ ಬಂದು ನಿಂತೇ ಓದಿದರು. "ಈ ದಾಖಲೆಯಲ್ಲಿ ಇಬ್ಬರು ಮನುಷ್ಯರಿದ್ದಾರೆ. ಯಾವ ಅಲರ್ಜಿ ಯಾರದು, ಯಾವ ಮಾತ್ರೆ ಯಾರದು ಅಂತ ಗೊತ್ತಾಗದೆ ನಾನು ಇವರಿಗೆ ಅರಿವಳಿಕೆ ಕೊಡುವುದಿಲ್ಲ. ಬೇರ್ಪಡಿಸಿದರೆ ಸೋಮವಾರ ಆಪರೇಷನ್. ಇಲ್ಲದಿದ್ದರೆ ಮುಂದಕ್ಕೆ."

ಮುಂದಕ್ಕೆ ಎಂದರೆ ನಾಲ್ಕು ತಿಂಗಳು. ಶಾಂತವ್ವನ ಕಾಲು ಕೊಯ್ಯಬೇಕಾದ ಡಾಕ್ಟರ್ ತುಂಬು ಬಸುರಿ, ಸೋಮವಾರವೇ ಅವರ ಕೊನೆಯ ಆಪರೇಷನ್ ದಿನ. ಬೇರೆ ಡಾಕ್ಟರ್ ಬೇಡವೆಂದು ಶಾಂತವ್ವ ಮೊದಲೇ ಹೇಳಿದ್ದಳು. "ಹೊಟ್ಟಿ ಅಷ್ಟು ಮುಂದ ಬಂದ್ರೂ ದಿನಾಲೂ ನಿಂತು ಕೆಲಸ ಮಾಡ್ತಾಳಂದ್ರ ಆಕಿಗೆ ಕಾಲಿನ ಬೆಲೆ ಗೊತ್ತಿರ್ತೈತಿ."

ಶಾಂತವ್ವನಿಗೂ ಗೊತ್ತಿತ್ತು. ಹ್ಯೂಸ್ಟನ್ ಹೊರವಲಯದ ಫುಲ್‌ಶೀರ್‌ನ ಮನೆಯಲ್ಲಿ ಅವಳು ಜೋಳದ ರೊಟ್ಟಿ ಬಡಿದು ಮಾರುತ್ತಿದ್ದಳು. ಕೇಟಿಯಿಂದ ಕ್ಲಿಯರ್ ಲೇಕ್‌ವರೆಗೆ ಗಿರಾಕಿಗಳಿದ್ದರು. ಗದುಗಿನಲ್ಲಿ ನೆಲಕ್ಕೆ ಕೂತು ಬಡಿಯುತ್ತಿದ್ದವಳು ಇಲ್ಲಿ ಅಡುಗೆಕಟ್ಟೆಯ ಮುಂದೆ ನಿಂತು ಬಡಿಯುವುದನ್ನು ಕಲಿತಿದ್ದಳು. ಈಗ ಕೂತರೆ ಏಳಲು ಇಬ್ಬರು ಬೇಕು, ನಿಂತರೆ ಮೂರನೆಯ ರೊಟ್ಟಿಗೆ ಕಾಲು ನಡುಗುತ್ತದೆ. ಎರಡು ತಿಂಗಳಿಂದ ಒಲೆ ಆರಿತ್ತು. ಅವಳ ಬಾಯಿ ಮಾತ್ರ ಆರಿರಲಿಲ್ಲ.

"ಮಧು, ಇದು ನಿನ್ನ ಕೆಲಸಾನ ಅಲ್ಲೇನ?" ಎಂದು ಕಾರಿನಲ್ಲಿ ಕೇಳಿದಳು.

ಹೌದು. ಮಧುಶ್ರೀ ಆಸ್ಟಿನ್‌ನ ಒಂದು ಕಂಪನಿಗೆ ಮನೆಯಿಂದಲೇ ಕೆಲಸ ಮಾಡುತ್ತಿದ್ದಳು. ಒಂದು ಆಸ್ಪತ್ರೆಯ ಕಂಪ್ಯೂಟರ್ ಬರೆದದ್ದನ್ನು ಇನ್ನೊಂದು ಆಸ್ಪತ್ರೆಯದು ಓದುವಂತೆ ಮಾಡುವ ಕೆಲಸ. ಹೆಸರು ಎಲ್ಲಿ ಬರೆಯಬೇಕು, ಹುಟ್ಟಿದ ದಿನ ಎಲ್ಲಿ, ಸಕ್ಕರೆ ಕಾಯಿಲೆಗೆ ಯಾವ ಸಂಕೇತ, ಎಲ್ಲಕ್ಕೂ ಎಲ್ಲರೂ ಒಪ್ಪಿದ ಮಾನದಂಡ ಇದೆ. ಮದುವೆಯಾಗಿ ಒಂಬತ್ತು ವರ್ಷವಾದರೂ ಅತ್ತೆಗೆ ಇದನ್ನು ತಿಳಿಸಿಹೇಳಲು ಅವಳಿಗೆ ಆಗಿರಲಿಲ್ಲ. ಈಗ ಅತ್ತೆಗೆ ತಾನಾಗಿಯೇ ತಿಳಿದಿತ್ತು, ಅದೂ ಈ ರೀತಿ. ಮಾನದಂಡ ಚೆನ್ನಾಗಿಯೇ ಕೆಲಸ ಮಾಡಿತ್ತು. ಡಲ್ಲಾಸಿನಿಂದ ಹ್ಯೂಸ್ಟನ್ನಿಗೆ ಬರುವಾಗ ಒಂದು ಅಕ್ಷರವೂ ಉದುರಿರಲಿಲ್ಲ. ಬೇರೆ ಹೆಂಗಸಿನ ಹೆಸರಿಗೆ ಬಂದಿತ್ತು, ಅಷ್ಟೇ.

"ಹೇಗಾಯ್ತು ಗೊತ್ತಾ ಅತ್ತೆ? ನಿಮ್ಮ ಪಾಸ್‌ಪೋರ್ಟಲ್ಲಿ ಬರೀ ಶಾಂತವ್ವ ಅಂತಿದೆ. ಮನೆತನದ ಹೆಸರಿಲ್ಲ. ಹುಟ್ಟಿದ ದಿನ ಜೂನ್ ಒಂದು. ಡಲ್ಲಾಸಲ್ಲಿ ಇನ್ನೊಬ್ಬರು ಅಂಥವರೇ ಇದ್ದಾರೆ. ಇಸವಿನೂ ಒಂದೇ. ವಿಳಾಸ ಬೇರೆ ಇದ್ರೆ ಮನೆ ಶಿಫ್ಟ್ ಮಾಡಿರ್ತಾರೆ ಅಂದ್ಕೊಂಡು ಕಂಪ್ಯೂಟರ್ ಇಬ್ಬರನ್ನೂ ಒಬ್ಬರೇ ಮಾಡಿಬಿಟ್ಟಿದೆ."

"ಜೂನ್ ಒಂದು ನಾ ಹುಟ್ಟಿದ ದಿನ ಅಲ್ಲ ಬಿಡು. ಹೆಡ್‌ಮಾಸ್ತರು ಬರದದ್ದು."

"ಅದನ್ನ ಕಂಪ್ಯೂಟರ್‌ಗೆ ಯಾರು ಹೇಳಬೇಕು?"

"ನೀನ ಹೇಳಬೇಕಿತ್ತು. ಪಗಾರ ತಗೋತಿ."

ಮನೆಗೆ ಬಂದು ಮಧುಶ್ರೀ ಆಸ್ಟಿನ್‌ಗೆ ಫೋನ್ ಮಾಡಿದಳು. ಟೆಕ್ಸಾಸಿನ ಆಸ್ಪತ್ರೆಗಳ ನಡುವೆ ದಾಖಲೆ ಸಾಗಿಸುವ ಸಂಸ್ಥೆಯೊಂದರ ಕಚೇರಿ ಅಲ್ಲಿತ್ತು. ಕ್ಯಾರೊಲ್ ಎಂಬ ಅಧಿಕಾರಿ ಸಮಾಧಾನದಿಂದ ನಿಯಮ ಹೇಳಿದಳು. ಮಾಮೂಲಿ ದಾರಿಯಲ್ಲಿ ಮೂವತ್ತು ದಿನ. ಇಬ್ಬರೂ ಪಾಸ್‌ಪೋರ್ಟ್ ಹಿಡಿದು ಖುದ್ದಾಗಿ ಬಂದರೆ ಅದೇ ದಿನ.

"ಆ ಇನ್ನೊಬ್ಬರ ಫೋನ್ ನಂಬರ್?"

"ಅದನ್ನು ಕೊಡುವ ಹಾಗಿಲ್ಲ. ನಿಮಗೇ ಗೊತ್ತಲ್ಲ."

ಗೊತ್ತಿತ್ತು. ತನ್ನ ಲಾಗಿನ್‌ನಿಂದ ಹುಡುಕಿದರೆ ಆ ಹೆಂಗಸು ಎರಡು ನಿಮಿಷಕ್ಕೆ ಸಿಗುತ್ತಾಳೆ, ಮೂರನೆಯ ನಿಮಿಷಕ್ಕೆ ಕೆಲಸ ಹೋಗುತ್ತದೆ ಎಂಬುದೂ ಗೊತ್ತಿತ್ತು. ಅವಳ ಗಂಡ ವಿಜಯ್ ಲ್ಯಾಪ್‌ಟಾಪ್ ಕಡೆ ಒಮ್ಮೆ ನೋಡಿ, ಹೆಂಡತಿಯ ಮುಖ ನೋಡಿ, ಅದನ್ನು ಮುಚ್ಚಿಟ್ಟ.

"ನೀ ಏನೂ ನೋಡಬ್ಯಾಡ. ನಿನಗ ಕಾನೂನು ಐತಿ. ನನಗೇನೈತಿ? ಫೋನ್ ಕೊಡಿಲ್ಲೆ" ಎಂದಳು ಶಾಂತವ್ವ.

ಅವಳು ಹಚ್ಚಿದ್ದು ಫ್ಲವರ್ ಮೌಂಡ್‌ನ ಗೋದಾವರಿಗೆ. ಡಲ್ಲಾಸ್ ಕಡೆಯ ಕನ್ನಡದ ಮನೆಗಳಲ್ಲಿ ಸೀಮಂತವಾಗಲಿ, ಮುಂಜಿಯಾಗಲಿ, ಗೋದಾವರಿಗೆ ತಿಳಿಯದೆ ನಡೆಯುತ್ತಿರಲಿಲ್ಲ. ಫೋನಿನ ದನಿ ಇಡೀ ಅಡುಗೆಮನೆಗೆ ಕೇಳುತ್ತಿತ್ತು.

"ಗೋದಾವರಿ, ನಿಮ್ಮ ಕಡೆ ಶಾಂತವ್ವ ಅಂತ ಯಾರರ ಅದಾರೇನ್ವಾ? ನನ್ನ ವಾರಿಗಿಯಾಕಿ, ನನ್ನಷ್ಟ ವಯಸ್ಸು."

"ಯಾವ ಶಾಂತವ್ವರಿ ಅಕ್ಕಾರ? ಮೂರು ಮಂದಿ ಅದಾರ. ಹುಬ್ಬಳ್ಳಿಯಾಕಿ ಇನ್ನೂ ಸಣ್ಣಾಕಿ."

"ಮೊಣಕಾಲ ಆಪರೇಷನ್ ಆದಾಕಿ."

"ಬದಾಮಿಯಾಕಿ ಮಾಡಿಸ್ಯಾಳ, ಎಡಗಾಲು."

"ಬಲಗಾಲು ಬೇಕವಾ ನನಗ."

"ಹಂಗಾರ ಇಳಕಲ್ಲಾಕಿ! ಚಿದಾನಂದನ ಅವ್ವ. ಹೋದ ವರ್ಷ ಆಕಿ ಮಲಗಿದಾಗ ನಾನ ಬುತ್ತಿ ಒಯ್ದು ಕೊಟ್ಟೀನಲ್ಲ. ಯಾಕ್ರಿ, ಏನಾರ ಸಂಬಂಧ ನೋಡಾಕತ್ತೀರೇನು?"

"ಯಾರ ಪೈಕಿ ಆಕಿ?"

"ಅಯ್ಯ, ಆಕಿ ತಂಗೀನ ನಿಮ್ಮ ರೋಣದಾಗ ಕೊಟ್ಟಾರ."

ಒಲೆಯ ಮೇಲಿಟ್ಟ ಹಾಲು ಉಕ್ಕುವುದರೊಳಗೆ ನಂಬರ್ ಸಿಕ್ಕಿತು. ಮಧುಶ್ರೀ ಗ್ಯಾಸ್ ಆರಿಸುವುದನ್ನು ಮರೆತು ನಿಂತಿದ್ದಳು. ಮನುಷ್ಯರನ್ನು ಗುರುತಿಸಲು ಅವಳ ಮಾನದಂಡದಲ್ಲಿ ಹೆಸರು, ಲಿಂಗ, ಜನ್ಮದಿನ, ವಿಳಾಸ, ಫೋನ್ ಎಲ್ಲಕ್ಕೂ ಖಾನೆಗಳಿದ್ದವು. ಯಾರ ಪೈಕಿ ಎಂಬ ಖಾನೆ ಇರಲಿಲ್ಲ.

ಶಾಂತವ್ವ ಉಸಿರು ಬಿಡದೆ ಮುಂದಿನ ಫೋನ್ ಹಚ್ಚಿದಳು. "ನಮಸ್ಕಾರ್ರಿ. ನಾನೂ ಶಾಂತವ್ವ, ಹ್ಯೂಸ್ಟನ್‌ದಾಗ ಇರ್ತೀನಿ. ನಿಮ್ಮ ಮೊಣಕಾಲ ತಪ್ಪಿ ನನ್ನ ಹೆಸರಿಗೆ ಬಂದೈತ್ರಿ."

ಮಧುಶ್ರೀ ಫೋನ್ ತೆಗೆದುಕೊಂಡು ನಡೆದದ್ದನ್ನು ಮೊದಲಿನಿಂದ ಹೇಳಿದಳು. ಹೆಸರು, ಹುಟ್ಟಿದ ದಿನ, ಎರಡು ದಾಖಲೆ ಸೇರಿ ಒಂದಾದದ್ದು. ಡಲ್ಲಾಸಿನ ಶಾಂತವ್ವ ಪೂರ್ತಿ ಕೇಳಿಸಿಕೊಂಡು ಒಂದೇ ಪ್ರಶ್ನೆ ಕೇಳಿದಳು.

"ನಿಮ್ಮ ಅತ್ತಿಗೆ ಸಕ್ಕರಿ ಕಾಯಿಲೆ ಐತೇನವಾ?"

"ಇದೆ ಆಂಟಿ. ಹನ್ನೆರಡು ವರ್ಷದಿಂದ."

"ಅದು ಆಕೀದಾ!" ಎಂಬ ಕೂಗಿಗೆ ವಿಜಯ್ ಕೂಡ ಅಡುಗೆಮನೆಗೆ ಬಂದ. "ಕೋಕಿಲಾ! ಏ ಕೋಕಿಲಾ! ಬಾ ಇಲ್ಲೆ, ಕೇಳು." ಆಮೇಲೆ ಮತ್ತೆ ಫೋನಿಗೆ ಹೇಳಿದಳು. "ವರ್ಷಾತವಾ, ನನಗ ಹಳೇ ಸಕ್ಕರಿ ಐತಿ ಅಂತ ಡಾಕ್ಟರ್ ಹೇಳಿ. ಅವತ್ತಿಂದ ನನ್ನ ಸೊಸಿ ಒಂದು ಹೋಳಿಗಿ ಕೊಟ್ಟಿಲ್ಲ. ಚಾದಾಗ ಸಕ್ಕರಿ ಇಲ್ಲ. ಮೂರು ತಿಂಗಳಿಗೊಮ್ಮೆ ರಕ್ತ ತಗೀತಾರ, ಕಂಟ್ರೋಲ್ ಭಾಳ ಚಲೋ ಐತಿ, ಹಿಂಗ ಇರ್ರಿ ಅಂತಾರ. ಇಲ್ಲದ ರೋಗ ಕಂಟ್ರೋಲ್‌ದಾಗ ಇರದ ಎಲ್ಲಿ ಹೋಗತೈತಿ?"

ಹ್ಯೂಸ್ಟನ್ನಿನ ಶಾಂತವ್ವ ಸೊಸೆಯ ಕೈಯಿಂದ ಫೋನ್ ಕಸಿದುಕೊಂಡಳು. "ಅಕ್ಕಾರ, ಶುಕ್ರವಾರ ಆಸ್ಟಿನ್‌ಗೆ ಬರ್ರಿ. ನನ್ನ ಸಕ್ಕರಿ ನನಗ ಕೊಡ್ರಿ, ನಿಮ್ಮ ಮೊಣಕಾಲ ನೀವು ಒಯ್ರಿ."

"ಬರ್ತೀನ್ರಿ. ಮಗ ಸೊಸಿ ಕರ್ಕೊಂಡು ಹೋಗಲಿಲ್ಲಂದ್ರ ಬಸ್ ಹತ್ತತೀನಿ."

ಶುಕ್ರವಾರ ಮಧ್ಯಾಹ್ನ ಆಸ್ಟಿನ್‌ನ ಆ ಕಚೇರಿಯ ಎರಡನೆಯ ಮಹಡಿಯಲ್ಲಿ ಇಬ್ಬರೂ ಮುಖಾಮುಖಿಯಾದರು. ಒಬ್ಬಳು ಕುಳ್ಳಿ, ದುಂಡಗೆ. ಇನ್ನೊಬ್ಬಳು ಎತ್ತರ, ತೆಳ್ಳಗೆ, ಇಳಕಲ್ ಸೀರೆಯ ಕೆಳಗೆ ಓಡುವವರ ಬೂಟು. ಒಬ್ಬರನ್ನೊಬ್ಬರು ಮೇಲಿನಿಂದ ಕೆಳಗೆ ನೋಡಿಕೊಂಡರು.

"ಆ ಕಂಪ್ಯೂಟರ್‌ಗೆ ಕಣ್ಣಿಲ್ಲೇನ್ರಿ?" ಎಂದಳು ಎತ್ತರದವಳು.

"ಇದ್ದಿದ್ರ ನನ್ನ ನಿಮ್ಮಂಗ ತೆಳ್ಳಗ ಅಂತ ಬರೀತಿತ್ತೇನ್ರಿ?"

ಕ್ಯಾರೊಲ್ ಪಾಸ್‌ಪೋರ್ಟ್‌ಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಹುಟ್ಟಿದ ದಿನ ಕೇಳಿದಳು. ಇಬ್ಬರೂ ಒಟ್ಟಿಗೇ ಜೂನ್ ಒಂದು ಎಂದರು. ಎಂಥ ಕಾಕತಾಳೀಯ ಎಂದು ಅವಳು ನಕ್ಕಳು.

"ಎಲ್ಲೀದು!" ಎಂದಳು ಡಲ್ಲಾಸಿನವಳು. "ಸಾಲಿಗೆ ಹಚ್ಚೂವಾಗ ಮಾಸ್ತರು ಎಲ್ಲಾರಿಗೂ ಅದನ್ನ ಬರೀತಿದ್ರು. ನಮ್ಮ ಮನ್ಯಾಗ ಐದು ಮಂದಿ ಜೂನ್ ಒಂದು."

ಮಧುಶ್ರೀ ಅನುವಾದಿಸಿದಳು. ಕ್ಯಾರೊಲ್ ಪೆನ್ನು ಕೆಳಗಿಟ್ಟಳು. "ಐದು ಜನರೂ ಒಟ್ಟಿಗೇ ಹುಟ್ಟಿದವರಾ?"

"ಅಲ್ಲ. ಶಾಲೆ ಶುರುವಾಗೋದು ಜೂನಲ್ಲಿ. ಆ ದಿನಕ್ಕೆ ವಯಸ್ಸು ಸರಿಹೋಗೋ ಹಾಗೆ ಬರೆಯೋರು."

"ಹಾಗಾದರೆ ನಿಜವಾಗಿ ಹುಟ್ಟಿದ್ದು ಯಾವಾಗ?"

"ಜ್ವಾಳ ಕೊಯ್ಯೂವಾಗ" ಎಂದಳು ಒಬ್ಬಳು. "ಗೌರಿ ಹುಣ್ಣಿವಿ ಮರುದಿನ" ಎಂದಳು ಇನ್ನೊಬ್ಬಳು.

ಕ್ಯಾರೊಲ್ ಕನ್ನಡಕ ತೆಗೆದು ಒರೆಸಿಕೊಂಡಳು. ಟೆಕ್ಸಾಸಿನಲ್ಲಿ ಇಂಥವರು ಎಷ್ಟು ಜನ ಇರಬಹುದು ಎಂದು ಕೇಳಿದಳು. ನಮ್ಮ ಮಾವನವರೂ ಅದೇ ದಿನದವರು ಎಂದಳು ಮಧುಶ್ರೀ. ಒಂಟಿ ಹೆಸರು ಮತ್ತು ಜೂನ್ ಒಂದು, ಇವೆರಡೂ ಸೇರಿ ಬಂದಲ್ಲಿ ಯಂತ್ರ ತಾನಾಗಿ ಜೋಡಿಸಬಾರದು, ಒಬ್ಬ ಮನುಷ್ಯ ನೋಡಬೇಕು ಎಂದು ಬರೆದುಕೊಡಿ, ಸಮಿತಿಯ ಮುಂದೆ ಇಡುತ್ತೇನೆ ಎಂದಳು ಕ್ಯಾರೊಲ್. ಆಮೇಲೆ, ಗುರುತಿಗೆ ಬೇರೆ ಏನಾದರೂ ಇದ್ದರೆ ಒಳ್ಳೆಯದಿತ್ತು ಎಂದು ಮೆಲ್ಲಗೆ ಸೇರಿಸಿದಳು.

ಅನುವಾದ ಮುಗಿಯುವ ಮೊದಲೇ ಇಬ್ಬರೂ ಸೀರೆ ಎತ್ತಿ ಬಲಗಾಲು ಮುಂದಕ್ಕೆ ಚಾಚಿದ್ದರು. ಒಂದರ ಮೇಲೆ ನೆಟ್ಟಗೆ ಉದ್ದನೆಯ ಹೊಲಿಗೆ. ಇನ್ನೊಂದರ ಮೇಲೆ ಬರೀ ಊತ. "ಸಾಕು, ಸಾಕು" ಎಂದು ಕ್ಯಾರೊಲ್ ಕೆಂಪಾಗಿ ಪರದೆಗೆ ತಿರುಗಿದಳು. ಸ್ವಲ್ಪ ಹೊತ್ತು ಕೀಲಿಗಳ ಸದ್ದು. ಒಂದು ಸಾಲಿದ್ದದ್ದು ಎರಡು ಸಾಲಾಯಿತು.

"ಸಕ್ಕರಿ ನನಗ ಬಂತೇನ?"

"ಬಂತು ಅತ್ತೆ."

"ಥೂ. ಆಕಿ ಕಡೇನ ಇರಲಿ ಅಂದಿದ್ದೆ."

ಹೊಸ ದಾಖಲೆ ಹ್ಯೂಸ್ಟನ್ನಿಗೆ ಹೋಗಿತ್ತು. ಡಾಕ್ಟರ್ ಓದಿ ಒಪ್ಪಬೇಕಿತ್ತು. ಹೊರಗಿನ ಕುರ್ಚಿಗಳಲ್ಲಿ ಕಾಯುವಾಗ ಡಲ್ಲಾಸಿನ ಸೊಸೆ ಕೋಕಿಲಾ ಚೀಲದಿಂದ ಡಬ್ಬಿ ತೆಗೆದಳು. ಬೆಳಿಗ್ಗೆ ಎದ್ದು ಶೇಂಗಾ ಹೋಳಿಗೆ ಮಾಡಿದ್ದಳು. ಯಾರ ಮುಖವನ್ನೂ ನೋಡದೆ ಮುಚ್ಚಳ ತೆಗೆದು ಅತ್ತೆಯ ಮುಂದೆ ಹಿಡಿದಳು. ಅತ್ತೆ ಒಂದು ಮುಗಿಸಿದಳು, ಎರಡನೆಯದನ್ನೂ ಮುಗಿಸಿದಳು. ಮೂರನೆಯದನ್ನು ಹ್ಯೂಸ್ಟನ್ನಿನವಳ ಕಡೆ ಚಾಚಿ ಕೈ ಹಿಂದೆಗೆದಳು.

"ನಿಮಗ ಬ್ಯಾಡ್ರಿ. ಸಕ್ಕರಿ."

"ಒಂದು ವರ್ಷ ನನ್ನ ರೋಗ ಹೊತ್ತೀರಿ. ಅರ್ಧ ಮುರೀರಿ."

ಮಧುಶ್ರೀ ಕಿಟಕಿಯಾಚೆ ನೋಡುತ್ತ ನಿಂತಳು. ಡಲ್ಲಾಸಿನವಳು ಅರ್ಧದಲ್ಲಿ ಅರ್ಧವಷ್ಟೇ ಮುರಿದದ್ದು ಅವಳಿಗೆ ಗಾಜಿನಲ್ಲಿ ಕಾಣಿಸಿತು.

ಹೊರಡುವಾಗ ಅವಳು ಲಿಫ್ಟಿನ ಗುಂಡಿ ಒತ್ತಿದಳು. ಡಲ್ಲಾಸಿನ ಶಾಂತವ್ವ ಬೇಡವೆಂದು ಮೆಟ್ಟಿಲ ಕಡೆ ಕೈ ತೋರಿಸಿದಳು. "ಸೋಮವಾರ ಆದ್ಮ್ಯಾಲೆ ಆ ವ್ಯಾಯಾಮದ ಹುಡುಗಿ ನಿಮಗ ಇಂಗ್ಲಿಷ್‌ದಾಗ ಹೇಳ್ತಾಳ, ತಿಳಿಯೂದಿಲ್ಲ. ಈಗ ನನ್ನ ಕೂಡ ಕಲೀರಿ. ಹತ್ತೂವಾಗ ಚಲೋ ಕಾಲು ಮೊದಲ, ಇಳಿಯೂವಾಗ ಕೆಟ್ಟ ಕಾಲು ಮೊದಲ."

"ಸೋಮವಾರ ಆಗತೈತೇನ್ರಿ?"

"ಆಗ್ಲಿಲ್ಲಂದ್ರೂ ಇಳೀಬೇಕಲ್ಲ. ಕೆಟ್ಟ ಕಾಲು ಇಡ್ರಿ."

ಮಧುಶ್ರೀ ಮುಂದೆ ಇಳಿದು ಮೆಟ್ಟಿಲ ಕೆಳಗೆ ನಿಂತಳು. ಕೈಯಲ್ಲಿದ್ದ ಫೋನ್ ಮಿನುಗಿತು. ಹ್ಯೂಸ್ಟನ್ನಿನ ಆಸ್ಪತ್ರೆಯ ಸಂದೇಶ: ಸೋಮವಾರ ಬೆಳಿಗ್ಗೆ, ಖಾಲಿ ಹೊಟ್ಟೆಯಲ್ಲಿ ಬನ್ನಿ. ಹೇಳಲು ತಲೆಯೆತ್ತಿದಳು. ಮೇಲೆ ಇಬ್ಬರೂ ಒಂದೇ ಕಂಬಿ ಹಿಡಿದು, ಒಬ್ಬರ ಭುಜಕ್ಕೆ ಒಬ್ಬರು ತಾಗಿಕೊಂಡು, ಕಾಲಿನತ್ತಲೇ ಕಣ್ಣಿಟ್ಟಿದ್ದರು.

"ಕೆಟ್ಟದ್ದು."

"ಇಟ್ಟೆ."

"ಈಗ ಚಲೋದು."

"ಇಟ್ಟೆ."

ಮಧುಶ್ರೀ ಫೋನನ್ನು ಚೀಲಕ್ಕಿಳಿಸಿ, ಅವರು ಕೆಳಗೆ ಮುಟ್ಟುವ ತನಕ ಕಾದಳು.