ಗೆರೆಯಕ್ಕನ ಹದಿನೇಳನೆಯ ಚಿತ್ರ

ಗೆರೆಯಕ್ಕ ಏನನ್ನು ನೋಡಿದರೂ ಬೆರಳಿನಿಂದ ನೋಡುತ್ತಿದ್ದರು. ಗದ್ದವನ್ನು ಎದೆಗಿಳಿಸಿ, ಉಸಿರು ಬಿಗಿಹಿಡಿದು, ಎದುರಿಗಿದ್ದದ್ದು ಗೋಡೆಯ ಬಿರುಕಾಗಲಿ, ಒದ್ದೆ ರಸ್ತೆಯ ಮೇಲಿನ ಸೈಕಲ್ಲಿನ ಜಾಡಾಗಲಿ, ಅದರ ಒಂದು ತುದಿಯಿಂದ ಇನ್ನೊಂದು ತುದಿಯವರೆಗೆ ತೋರುಬೆರಳನ್ನು ಕೂದಲೆಳೆಯಷ್ಟು ಮೇಲೆಯೇ ತೇಲಿಸಿಕೊಂಡು ಹೋದ ಬಳಿಕವಷ್ಟೇ ಆ ವಸ್ತುವನ್ನು ಕಂಡೆನೆಂದು ಒಪ್ಪುತ್ತಿದ್ದರು. ಬೆರಳು ಮಾತ್ರ ಎಂದೂ ತಾಗುತ್ತಿರಲಿಲ್ಲ. ಪರಿಚಯವಾದ ಮೊದಲ ದಿನ ನನ್ನ ಹಣೆಯ ನೆರಿಗೆಗಳ ಮೇಲೂ ಹಾಗೆಯೇ ಬೆರಳಾಡಿಸಿ, "ಮೂರು ಗೆರೆ, ಮೇಷ್ಟ್ರೇ. ನಡುವಿಂದು ಹೊಸದು. ಈ ವರ್ಷ ಯಾವ ಪಾಠ ಕೊಟ್ಟಿದ್ದಾರೆ?" ಎಂದು ಕೇಳಿದ್ದರು.

ಕೇಳಿದ ಪ್ರಶ್ನೆ ಸರಿಯಾದ ಜಾಗಕ್ಕೇ ತಾಗಿತ್ತು. ರಸಾಯನಶಾಸ್ತ್ರ ಓದಿ ಬಂದ ನನ್ನ ತಲೆಗೆ ಆ ವರ್ಷ ಭೌತಶಾಸ್ತ್ರವನ್ನೂ ಕಟ್ಟಿದ್ದರು. ಉಳಿದದ್ದನ್ನೆಲ್ಲ ಹೇಗೋ ದಡ ಮುಟ್ಟಿಸಬಹುದಿತ್ತು. ಕೊನೆಯಲ್ಲಿದ್ದ ಮೂಲಕಣಗಳ ಅಧ್ಯಾಯವೆಂದರೆ ನನಗೆ ಕಬ್ಬಿಣದ ಕಡಲೆ. ಹಿಂದಿನ ಮೇಷ್ಟ್ರು ಅದನ್ನು "ಪರೀಕ್ಷೆಗೆ ಬರಲ್ಲ" ಎಂಬ ಒಂದೇ ವಾಕ್ಯದಲ್ಲಿ ಮುಗಿಸುತ್ತಿದ್ದರಂತೆ. ನಾನೂ ಅದೇ ವಾಕ್ಯವನ್ನು ಬಾಯಿಪಾಠ ಮಾಡಿಟ್ಟುಕೊಂಡಿದ್ದೆ.

ಗೆರೆಯಕ್ಕ ವಿಜ್ಞಾನಿಯಲ್ಲ, ಪದವಿಯೂ ಇರಲಿಲ್ಲ. ಊರಾಚೆಯ ದೊಡ್ಡ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷ ಫೋಟೋ ನೋಡುವ ಕೆಲಸದಲ್ಲಿದ್ದವರು. ಅಲ್ಲಿ ಅಯಸ್ಕಾಂತದ ನಡುವೆ ದ್ರವ ಹೈಡ್ರೋಜನ್ ತುಂಬಿದ ಒಂದು ತೊಟ್ಟಿ. ಅದರೊಳಗೆ ವಿದ್ಯುದಂಶವುಳ್ಳ ಕಣ ಹಾಯ್ದರೆ ಅದು ನಡೆದ ದಾರಿಯುದ್ದಕ್ಕೂ ಪುಟ್ಟ ಗುಳ್ಳೆಗಳ ಸಾಲು ಏಳುತ್ತದೆ. ಏಳುವ ಕ್ಷಣಕ್ಕೆ ಕ್ಯಾಮೆರಾ ಕ್ಲಿಕ್ಕೆನ್ನುತ್ತದೆ. ಹೀಗೆ ಲಕ್ಷಾಂತರ ಚಿತ್ರ. ಒಂದೊಂದನ್ನೂ ಬೆಳಕಿನಲ್ಲಿ ಹಿಗ್ಗಿಸಿ, ಬಿಳಿ ಮೇಜಿನ ಮೇಲೆ ಕೆಡವಿ, ಸಾವಿರ ಗೆರೆಗಳ ನಡುವೆ ವಿಚಿತ್ರವಾದ ಒಂದನ್ನು ಹೆಕ್ಕಿ ಗುರುತು ಹಾಕಲು ಹನ್ನೆರಡು ಹೆಂಗಸರು ಪಾಳಿಯಲ್ಲಿ ಕೂರುತ್ತಿದ್ದರು. ಅವರಲ್ಲಿ ಒಬ್ಬರು ಇವರು. ಬೂದುಬಣ್ಣದ ಕೋಟಿನ ಎಡಮೊಣಕೈ ಮೇಜಿಗೆ ಉಜ್ಜಿ ಉಜ್ಜಿ ಸವೆದು, ಜೊತೆಗಿದ್ದ ದರ್ಜಿ ತಂಗಿ ಅದಕ್ಕೆ ನಾಲ್ಕು ಸಲ ತೇಪೆ ಹಾಕಿದ್ದರು. "ನಮ್ಮಕ್ಕನಿಗೆ ಮೂಗಿನ ಮೇಲಿರೋ ಕನ್ನಡಕ ಕಾಣಲ್ಲ, ಅಣುವಿನೊಳಗಿನ ಕಣ ಕಾಣುತ್ತೆ" ಎಂಬುದು ತಂಗಿಯ ಖಾಯಂ ಗೊಣಗು.

ಕಂಪ್ಯೂಟರು ಬಂತು, ಮೇಜುಗಳನ್ನು ಹೊರಹಾಕಿದರು, ಹೆಂಗಸರನ್ನೂ. ಬೀಳ್ಕೊಡುಗೆಗೆ ಏನು ಬೇಕೆಂದು ಕೇಳಿದಾಗ ಇವರು ಬೇಡಿದ್ದು ಕಸಕ್ಕೆ ಹೊರಟಿದ್ದ ಫಿಲ್ಮಿನ ಸುರುಳಿಗಳನ್ನು. ಅವುಗಳಿಂದ ಹದಿನೇಳು ಚಿತ್ರಗಳನ್ನು ಆರಿಸಿ, ಕಾಗದದ ಮೇಲೆ ದೊಡ್ಡದಾಗಿ ಅಚ್ಚು ಹಾಕಿಸಿ, ಮೇಲಿಟ್ಟು ಗೆರೆ ತೆಗೆಯಲು ತೆಳುಕಾಗದ, ಬಾಗಿದ ಗೆರೆಯನ್ನು ಅಳೆಯಲು ದಾರ, ತಾವೇ ಬರೆದ ಒಂದು ಕಿರುಪುಸ್ತಕ, ಇಷ್ಟನ್ನೂ ತಂಗಿ ಹೊಲಿದುಕೊಟ್ಟ ಚೀಲಗಳಲ್ಲಿ ತುಂಬಿ ಶಾಲೆಗಳಿಗೆ ಒಯ್ದು ತೋರಿಸಲೆಂದು ಮರದ ಪೆಟ್ಟಿಗೆಯೊಂದನ್ನು ಸಿದ್ಧಮಾಡಿದರು. ಅದನ್ನು ಬಲಸೊಂಟಕ್ಕೆ ಆನಿಸಿಕೊಂಡು, ಎಡಗಡೆಗೆ ವಾಲಿ, ದಡದತ್ತ ಬರುವ ದೋಣಿಯ ಹಾಗೆ ತುಸು ಓರೆಯಾಗಿ ನಡೆದುಬರುತ್ತಿದ್ದ ಅವರನ್ನು ಶಾಲೆಯ ಗೇಟಿನಲ್ಲಿ ಕಂಡಾಗ, ಯಾವುದೋ ಔಷಧಿ ಮಾರುವವರೆಂದು ಜವಾನ ತಡೆದು ನಿಲ್ಲಿಸಿದ್ದ.

"ಕಂಡದ್ದು ಹೇಳಿ, ಕೇಳಿದ್ದು ಬೇಡ." ತರಗತಿಯಲ್ಲಿ ಅವರ ಮೊದಲ ಮಾತೂ ಅದೇ, ಕೊನೆಯ ಮಾತೂ ಅದೇ. ಚಿತ್ರ ಹಂಚುತ್ತಿದ್ದಂತೆ ಮುಂದಿನ ಬೆಂಚಿನ ಜಾಣನೊಬ್ಬ ಎಲೆಕ್ಟ್ರಾನ್ ಎಂದು ಕೂಗಿದ.

"ಅದು ನಿನಗೆ ಕಾಣಿಸ್ತಾ, ಯಾರಾದ್ರೂ ಹೇಳಿದ್ರಾ?"

"ಪುಸ್ತಕದಲ್ಲಿದೆ."

"ಪುಸ್ತಕ ಚೀಲದಲ್ಲಿರಲಿ. ಇಲ್ಲೇನಿದೆ?"

ಅವನು ಪೆಚ್ಚಾಗಿ ಚಿತ್ರವನ್ನೇ ನೋಡಿದ. "ಸುರುಳಿ... ಒಳಗೆ ಹೋಗ್ತಾ ಹೋಗ್ತಾ ಬಿಗಿಯಾಗಿದೆ."

"ಯಾಕಿರಬಹುದು?"

"ಸುಸ್ತಾಗಿದೆ ಅನ್ಸುತ್ತೆ."

ತರಗತಿ ಗೊಳ್ಳೆಂದಿತು. ಅಕ್ಕ ನಗಲಿಲ್ಲ. "ಸರಿಯಾಗಿ ಹೇಳ್ದೆ. ಓಡ್ತಾ ಓಡ್ತಾ ದಣಿಯುತ್ತೆ. ದಣಿದಷ್ಟೂ ಅಯಸ್ಕಾಂತ ಅದನ್ನ ಜಾಸ್ತಿ ಬಗ್ಗಿಸುತ್ತೆ. ಈಗ ಬೇಕಾದ್ರೆ ಎಲೆಕ್ಟ್ರಾನ್ ಅಂತ ಅನ್ನು, ಅಡ್ಡಿಯಿಲ್ಲ" ಎಂದರು. ಇನ್ನೊಂದು ಚಿತ್ರದಲ್ಲಿ ಬರಿದಾದ ಜಾಗದಿಂದ ಎರಡು ಗೆರೆಗಳು ಕವಲೊಡೆದಂತೆ ತಟ್ಟನೆ ಹೊರಟಿದ್ದವು. ಆ ಖಾಲಿಯ ಮೇಲೆ ಬೆರಳು ತೇಲಿಸಿ, "ಇಲ್ಲೇನೂ ಇಲ್ಲ ಅಂದ್ಕೋಬೇಡಿ. ಗುರುತು ಬಿಡದೆ ಯಾರೋ ನಡೆದುಹೋಗಿದ್ದಾರೆ. ಅವರು ಒಡೆದು ಇಬ್ಬರಾದಾಗಷ್ಟೇ ನಮಗೆ ಗೊತ್ತಾಯ್ತು" ಎಂದಾಗ ಹಿಂದಿನ ಗೋಡೆಗೊರಗಿ ನಿಂತಿದ್ದ ನನ್ನ ಮೈ ಜುಮ್ಮೆಂದಿತು. ವಿದ್ಯುದಂಶವಿಲ್ಲದ ಕಣವೆಂಬುದನ್ನು ಹತ್ತು ಸಲ ಓದಿದ್ದೆ, ನೋಡಿದ್ದು ಅಂದು. ಅಂದಿನಿಂದ ಪ್ರತಿವರ್ಷ ಆ ಪೆಟ್ಟಿಗೆಯನ್ನು ನಮ್ಮ ಶಾಲೆಗೆ ಕರೆಸಿಕೊಂಡೆ.

ಹದಿನೇಳನೆಯ ಚಿತ್ರದ ಕತೆ ಬೇರೆ. ಅದರಲ್ಲಿ ಒಂದು ನೀಳವಾದ ಬಾಗುಗೆರೆ ಎಲ್ಲಿಂದಲೋ ಹುಟ್ಟಿ ಎಲ್ಲಿಯೋ ಮುಗಿದಿತ್ತು. ಕವಲಿಲ್ಲ, ದಣಿವಿಲ್ಲ, ಕೊನೆಯವರೆಗೂ ಒಂದೇ ಬಾಗು. ಮೇಜಿನ ದಿನಗಳಲ್ಲಿಯೇ ಅದನ್ನು ಕಂಡು, ಓಡಿಹೋಗಿ ವಿಜ್ಞಾನಿಯೊಬ್ಬರಿಗೆ ತೋರಿಸಿದ್ದರು. ಆತ ಅತ್ತ ಕಣ್ಣೂ ಹಾಯಿಸದೆ, "ನಿಮ್ಮ ಕೆಲಸ ಗುರುತು ಹಾಕೋದಮ್ಮ, ಅರ್ಥ ಹೇಳೋದಲ್ಲ" ಎಂದಿದ್ದ. ಆ ಮಾತು ಅವರೊಳಗೆ ಮುಳ್ಳಾಗಿ ಉಳಿದಿತ್ತು. ಎಂದಾದರೊಂದು ದಿನ ಆ ಗೆರೆ ಯಾರೂ ಕಾಣದ ಕಣದ ಹೆಜ್ಜೆಯೆಂದು ತಿಳಿದುಬಂದೀತೆಂಬ ಆಸೆಯನ್ನು ಅವರು ಬಾಯಿಬಿಟ್ಟು ಹೇಳಿದವರಲ್ಲ. ಆದರೆ ಆ ಚಿತ್ರದ ಅಸಲು ಫಿಲ್ಮಿನ ತುಂಡನ್ನು ಲಕೋಟೆಯಿಂದ ತೆಗೆಯುವಾಗ ಅವರ ಕೈ ನಡೆದುಕೊಳ್ಳುತ್ತಿದ್ದ ರೀತಿಯೇ ಹೇಳುತ್ತಿತ್ತು. ಕಿರುಪುಸ್ತಕದಲ್ಲಿ ಅದರ ಎದುರಿಗೆ ಒಂದೇ ಸಾಲು: "ಇದು ಏನೆಂದು ನನಗೆ ಗೊತ್ತಿಲ್ಲ."

ಆ ಸಾಲೇ ಎಡವಟ್ಟಾಯಿತು. ಪೆಟ್ಟಿಗೆಯನ್ನು ಎಲ್ಲ ಶಾಲೆಗಳಿಗೂ ಕೊಡಿಸಬೇಕೆಂದು ನಾವು ಕೆಲವು ಮೇಷ್ಟ್ರುಗಳು ಪಠ್ಯಸಮಿತಿಗೆ ಬರೆದೆವು. ಸಮಿತಿ ಅವರನ್ನು ಕರೆಸಿತು. ಜೊತೆಗೆ ಹೋಗಿದ್ದವನು ನಾನು. ಅಧ್ಯಕ್ಷರು ಪುಸ್ತಕ ಮಡಚಿ, "ಎಲ್ಲ ಚೆನ್ನಾಗಿದೆ. ಕೊನೇದನ್ನ ತೆಗೆದುಬಿಡಿ. ಪಾಠದಲ್ಲಿ ಗೊತ್ತಿಲ್ಲ ಅಂತ ಇರಬಾರದು, ಮಕ್ಕಳಿಗೆ ಗೊಂದಲ ಆಗುತ್ತೆ" ಎಂದರು.

"ಮಕ್ಕಳಿಗೆ ಆಗಲ್ಲ ಸರ್, ದೊಡ್ಡೋರಿಗೆ ಆಗುತ್ತೆ" ಎಂದರು ಅಕ್ಕ.

ಪೆಟ್ಟಿಗೆ ತಿರಸ್ಕೃತವಾಯಿತು. ಮೆಟ್ಟಿಲಿಳಿಯುವಾಗ ನಾನು ಅಂಗಲಾಚಿದೆ: "ಒಂದು ಚಿತ್ರ ಅಲ್ವಾ ಅಕ್ಕ, ಬಿಟ್ಟುಕೊಡಬಾರದಾ?" ಅವರು ಪೆಟ್ಟಿಗೆಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿ, "ಗೊತ್ತಿಲ್ಲದ್ದನ್ನ ಮುಚ್ಚಿಟ್ಟು ಗೊತ್ತಿರೋದನ್ನ ಕಲಿಸೋದು ಹ್ಯಾಗೆ, ಮೇಷ್ಟ್ರೇ?" ಎಂದಷ್ಟೇ ಕೇಳಿದರು.

ಮರುವರ್ಷ ನಮ್ಮ ತರಗತಿಯಲ್ಲಿ ಒಬ್ಬಳು ಹುಡುಗಿಯಿದ್ದಳು. ಬೇಕರಿಯವರ ಮಗಳು, ಮಾತು ಕಡಿಮೆ, ಚೇಷ್ಟೆ ಜಾಸ್ತಿ. ಹದಿನೇಳನೆಯ ಚಿತ್ರದ ಅಚ್ಚನ್ನು ನೋಡಿ ನೋಡಿ ಬೇಸತ್ತು ಅಸಲು ಫಿಲ್ಮು ಬೇಕೆಂದಳು. ಅಕ್ಕ, "ಅಂಚು ಮಾತ್ರ ಹಿಡ್ಕೋ, ಮುಖ ಮುಟ್ಟಬೇಡ" ಎಂದು ಎಚ್ಚರಿಸಿ ಕೊಟ್ಟರು. ಮೇಜಿನ ಕೆಲಸದ ಮೊದಲ ನಿಯಮವದು. ಅವರು ಒಂದು ಸಲವೂ ಮೀರಿದವರಲ್ಲ. ಹುಡುಗಿ ಕಿಟಕಿಯ ಬಳಿ ಹೋಗಿ ಫಿಲ್ಮನ್ನು ಬಿಸಿಲಿಗೆ ಓರೆಯಾಗಿ ಹಿಡಿದಳು, ಮತ್ತೆ ಹಿಂದುಮುಂದು ಮಾಡಿ ಹಿಡಿದಳು, ಆಮೇಲೆ ಉಗುರಿನಿಂದ ಮೆಲ್ಲಗೆ ಕೆರೆದಳು.

"ಏಯ್! ಮುಟ್ಟಬೇಡ ಅಂದಿದ್ರಲ್ವಾ?" ನಾನು ಗದರಿದೆ.

"ಸರ್, ಬೇರೆ ಗೆರೆ ಹೊಳೆಯಲ್ಲ, ಇದೊಂದೇ ಹೊಳೆಯುತ್ತೆ. ಉಗುರಿಗೂ ತಾಗುತ್ತೆ." ಅವಳು ಅಕ್ಕನ ಕಡೆ ತಿರುಗಿದಳು. "ಇದು ಗೀರು, ಅಕ್ಕ. ಹಿಂದಗಡೆ ಯಾವುದೋ ಕೆರೆದಿದೆ."

ಅಕ್ಕ ಎದ್ದು ಕಿಟಕಿಗೆ ಬಂದರು. ಫಿಲ್ಮನ್ನು ಓರೆಯಾಗಿ ಹಿಡಿದು ನೋಡಿದರು. ಆಮೇಲೆ, ನಾನು ಮೊದಲ ಬಾರಿಗೆ ಕಂಡಂತೆ, ಬೆರಳನ್ನು ಇಳಿಸಿ ಮುಟ್ಟಿದರು. ಅವರು ನನ್ನ ಕುರ್ಚಿಯಲ್ಲಿ ಕೂತು ನೀರು ಕೇಳಿದರು. ಕುಡಿದು ಲೋಟ ಕೆಳಗಿಟ್ಟರು.

"ಎಷ್ಟು ಸಲ ನೋಡಿದೆ ಇದನ್ನ?"

"ಇವತ್ತೇ ಮೊದಲು."

"ನಾನು ಇಪ್ಪತ್ತಾರು ವರ್ಷ ನೋಡಿದೆ ಮಗಳೇ. ಬರೀ ಮೇಲಿಂದ ನೋಡಿದೆ." ಹುಡುಗಿಯ ಕಣ್ಣಲ್ಲಿ ನೀರು ತುಂಬಿದ್ದನ್ನು ಕಂಡು ಅವರು ಗಾಬರಿಯಾದರು. "ಅಯ್ಯೋ, ಅಳ್ತೀಯ ಯಾಕೆ? ಕಂಡದ್ದು ಹೇಳಿದೀಯ. ನನಗೆ ಬೇಕಾಗಿದ್ದು ಹೇಳಿಲ್ಲ, ಅಷ್ಟೇ." ಇಷ್ಟು ಹೇಳುವಷ್ಟರಲ್ಲಿ ಅವರಿಗೆ ಎಲ್ಲಿತ್ತೋ ನಗು, ಹೊಟ್ಟೆ ಹಿಡಿದುಕೊಂಡು ನಕ್ಕರು.

ಅದೇ ವಾರ ಅವರು ಪಠ್ಯಸಮಿತಿಗೆ ಪತ್ರ ಬರೆದರು. ತಪ್ಪೊಪ್ಪಿಗೆಯೂ ಅಲ್ಲ, ಜಂಬವೂ ಅಲ್ಲ: ಹದಿನೇಳನೆಯದು ಗೀರೆಂದು ಗೊತ್ತಾಗಿದೆ, ಆದರೂ ಅದನ್ನು ತೆಗೆಯುವುದಿಲ್ಲ, ಪೆಟ್ಟಿಗೆಯಲ್ಲಿ ಈಗ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ತಿಂಗಳುಗಳು ಉರುಳಿದ ಮೇಲೆ ಅಧ್ಯಕ್ಷರೇ ನಮ್ಮ ಶಾಲೆಗೆ ಬಂದು ಕೊನೆಯ ಬೆಂಚಿನಲ್ಲಿ ಕೂತರು. ಮಕ್ಕಳೊಂದಿಗೆ ತಾವೂ ಫಿಲ್ಮನ್ನು ಬಿಸಿಲಿಗೆ ಹಿಡಿದರು, ಉಗುರು ಆಡಿಸಿದರು, "ಹೌದಲ್ರೀ!" ಎಂದರು. ಪೆಟ್ಟಿಗೆ ಅಂಗೀಕಾರವಾಯಿತು, ಹದಿನೇಳೂ ಚಿತ್ರಗಳ ಸಮೇತ. ಕಿರುಪುಸ್ತಕದಲ್ಲಿ ಈಗ ಆ ಹುಡುಗಿಯ ಹೆಸರಿದೆ. ಅಕ್ಕನ ಹೆಸರು ರಕ್ಷಾಪುಟದಲ್ಲಿಯೂ ಇಲ್ಲ. ಹಾಕೋಣವೆಂದರೆ, "ಗುರುತು ಹಾಕಿದ್ದೀನಲ್ಲ, ಸಾಕು" ಎಂದು ಕೈಯಾಡಿಸಿಬಿಟ್ಟರು.

ಮೊಣಕಾಲು ಕೈಕೊಟ್ಟ ಮೇಲೆ ಅವರ ತಿರುಗಾಟ ನಿಂತಿದೆ. ಊರೂರಿನ ಮಕ್ಕಳು ಗೆರೆ ತೆಗೆದ ತೆಳುಕಾಗದಗಳು ಅಂಚೆಯಲ್ಲಿ ಬರುತ್ತವೆ. ತಂಗಿಯ ಹೊಲಿಗೆಯಂತ್ರದ ಪಕ್ಕದ ಮೇಜಿನಲ್ಲಿ ಅವನ್ನು ಹರಡಿಕೊಂಡು, ಒಂದನ್ನೂ ಬಿಡದೆ ಉತ್ತರ ಬರೆಯುತ್ತಾರೆ. ನಾನಂತೂ ಈಗ ತರಗತಿಯಲ್ಲಿ ವಾರಕ್ಕೊಮ್ಮೆಯಾದರೂ "ನನಗೆ ಗೊತ್ತಿಲ್ಲ, ನೋಡೋಣ" ಎನ್ನುತ್ತೇನೆ. ಅಂದಾಗಲೆಲ್ಲ ಮಕ್ಕಳು ನನ್ನ ಹತ್ತಿರಕ್ಕೆ ಸರಿದು ಕೂರುತ್ತಾರೆ. ನನ್ನ ವೃತ್ತಿಯಲ್ಲಿ ನನಗೆ ದಕ್ಕಿದ ಅತ್ಯಂತ ದೊಡ್ಡ ಸೌಭಾಗ್ಯವದು, ಮತ್ತು ಅದು ಅವರ ಕೊಡುಗೆ.

ಜ್ಞಾನದ ಚರಿತ್ರೆ ಕಂಡುಹಿಡಿದವರ ಹೆಸರುಗಳಿಂದ ತುಂಬಿದೆ. ಅವರಿಗಿಂತ ಮೊದಲು ಕಣ್ಣು ಸವೆಸಿ ನೋಡಿದವರು, ಇಗೋ ಇಲ್ಲೇನೋ ಇದೆ ಎಂದು ಪಕ್ಕಕ್ಕೆ ತೆಗೆದಿಟ್ಟವರು, ತಮ್ಮ ಆಸೆ ಸುಳ್ಳಾದ ಹೊತ್ತಿನಲ್ಲೂ ನಿಜದ ಪಕ್ಷವನ್ನು ಬಿಡದವರು ಆ ಪುಟಗಳಲ್ಲಿ ಸಿಗುವುದಿಲ್ಲ. ತಾವು ಕಂಡದ್ದಕ್ಕೆ ತಮ್ಮ ಹೆಸರಿಡಬೇಕೆಂಬ ಹಂಬಲ ಅಂಥವರಿಗಿಲ್ಲ. ಬೇರೆಯವರಿಗೂ ಕಾಣಲಿ ಎಂಬುದೊಂದೇ ಹಟ. ನಮಗೆ ಏನಾದರೂ ಕಂಡಿದ್ದರೆ, ಅದು ಆ ಹಟದಿಂದ.