ಪರವಾಗಿಲ್ಲ ಮೇಷ್ಟ್ರ ಹಸಿವು

ಕಾರು ಓಡಿಸುವುದನ್ನು ಕಲಿಸುತ್ತಿದ್ದ ಆ ಮೇಷ್ಟ್ರನ್ನು ಊರಲ್ಲಿ ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಪರವಾಗಿಲ್ಲ ಮೇಷ್ಟ್ರು ಅಂದರೆ ಸಾಕು, ಎಲ್ಲರಿಗೂ ಗೊತ್ತು. ಕಲಿಯುವವರು ಕಾರನ್ನು ಫುಟ್‌ಪಾತಿನ ಮೇಲೆ ಹತ್ತಿಸಲಿ, ಎದುರಿಗೆ ಬರುವ ಬಸ್ಸಿಗೆ ಮುಖ ಕೊಡಲಿ, ಹಿಂದಕ್ಕೆ ಹೋಗಬೇಕಾದಾಗ ಮುಂದಕ್ಕೆ ನುಗ್ಗಲಿ, ಅವರ ಬಾಯಿಂದ ಬರುತ್ತಿದ್ದದ್ದು ಒಂದೇ ಮಾತು: "ಪರವಾಗಿಲ್ಲ, ಪರವಾಗಿಲ್ಲ." ದನಿ ಏರುತ್ತಿರಲಿಲ್ಲ, ಹುಬ್ಬು ಗಂಟಿಕ್ಕುತ್ತಿರಲಿಲ್ಲ. ಬೇರೆ ಮೇಷ್ಟ್ರುಗಳ ಹತ್ತಿರ ಬೈಸಿಕೊಂಡು ಅತ್ತವರೆಲ್ಲ ಕೊನೆಗೆ ಇವರ ಹತ್ತಿರವೇ ಬರುತ್ತಿದ್ದರು.

ಆ ಶಾಂತಿಯ ಮೂಲ ಡ್ಯಾಶ್‌ಬೋರ್ಡಿನ ಖಾನೆಯಲ್ಲಿತ್ತು. ಅಲ್ಲಿ ಕಾರಿನ ಕಾಗದಪತ್ರ ಇರಬೇಕು. ಮೇಷ್ಟ್ರ ಕಾರಿನಲ್ಲಿ ಬನ್ನು, ಬೆಣ್ಣೆ ಬಿಸ್ಕತ್ತು, ಬೆಳಿಗ್ಗೆ ಬೇಕರಿಯಿಂದ ಬಿಸಿಬಿಸಿಯಾಗಿ ತಂದ ಕೇಕಿನ ತುಂಡುಗಳು ಇದ್ದವು. ಜೀವ ಬಾಯಿಗೆ ಬಂದಾಗಲೆಲ್ಲ ಅದನ್ನು ವಾಪಸ್ ಒಳಕ್ಕೆ ತಳ್ಳಲು ಮೇಷ್ಟ್ರು ಅದರ ಹಿಂದೆಯೇ ಒಂದು ಬನ್ನು ಕಳಿಸುತ್ತಿದ್ದರು. ಅವರ ಕೆಲಸದಲ್ಲಿ ಜೀವ ಬಾಯಿಗೆ ಬರದ ದಿನವೇ ಇರಲಿಲ್ಲ. ಹಾಗಾಗಿ ವರ್ಷ ವರ್ಷಕ್ಕೂ ಹೊಟ್ಟೆ ಮುಂದೆ ಬಂತು, ಅದಕ್ಕೆ ಜಾಗ ಮಾಡಿಕೊಡಲು ಸೀಟು ಹಿಂದೆ ಸರಿಯಿತು.

ಸೀಟು ಸರಿದದ್ದು ಎಷ್ಟು ಅನ್ನುವುದು ಒಂದು ದಿನ ಎಲ್ಲರೆದುರಿಗೇ ಗೊತ್ತಾಯಿತು. ಸಂಗೀತದ ಟೀಚರ್ ಒಬ್ಬರು ಕಲಿಯಲು ಬರುತ್ತಿದ್ದರು. ಆಕೆಗೆ ತಾಳ ಚೆನ್ನಾಗಿ ಗೊತ್ತು, ಬ್ರೇಕು ಗೊತ್ತಿಲ್ಲ. ಮಾರುಕಟ್ಟೆಯ ತಿರುವಿನಲ್ಲಿ ಕಾರು ನೇರವಾಗಿ ಕಸದ ದೊಡ್ಡ ತೊಟ್ಟಿಯ ಕಡೆಗೆ ಹೊರಟಿತು. ಮೇಷ್ಟ್ರ ಕಡೆಯಲ್ಲೂ ಒಂದು ಬ್ರೇಕ್ ಪೆಡಲ್ ಇತ್ತು; ಇಂಥ ಹೊತ್ತಿಗೆಂದೇ ಇಟ್ಟದ್ದು. ಮೇಷ್ಟ್ರು ಕಾಲು ಚಾಚಿದರು. ಪೆಡಲ್ ಸಿಗಲಿಲ್ಲ. ಇನ್ನೂ ಚಾಚಿದರು. ಕಾಲು ಗಾಳಿಯಲ್ಲೇ ತಡಕಾಡಿತು. ಧಡ್ ಅಂತ ತೊಟ್ಟಿ ಮಗುಚಿ, ಕೊಳೆತ ಎಲೆಕೋಸೊಂದು ಚಿಮ್ಮಿ ಬಂದು ಬಾನೆಟ್ಟಿನ ಮೇಲೆ ಕೂತಿತು.

"ಪರವಾಗಿಲ್ಲ," ಅಂದರು ಮೇಷ್ಟ್ರು.

"ಏನು ಪರವಾಗಿಲ್ಲ ಸಾರ್! ನೀವ್ಯಾಕೆ ಬ್ರೇಕ್ ಹಾಕಲಿಲ್ಲ?" ಅಂತ ಟೀಚರ್ ಏರು ಶ್ರುತಿಯಲ್ಲಿ ಕೇಳಿದರು.

ಯಾರಿಗೂ ಪೆಟ್ಟಾಗಿರಲಿಲ್ಲ. ಆದರೆ ಮೇಷ್ಟ್ರು ಮನೆಗೆ ಬಂದು ಕೈಕಾಲು ಸಹ ತೊಳೆಯದೆ ಕುರ್ಚಿಯಲ್ಲಿ ಕುಸಿದರು. ಹೊಲಿಗೆ ಮೆಷಿನ್ನಿನ ಮುಂದೆ ಕೂತಿದ್ದ ಹೆಂಡತಿ ಸಂಗತಿಯನ್ನೆಲ್ಲ ಕೇಳಿ, ಕೈಲಿದ್ದ ಗಂಡನ ಪ್ಯಾಂಟನ್ನೇ ಎತ್ತಿ ತೋರಿಸಿದಳು.

"ನಾನೂ ಇದನ್ನೇ ಹೇಳೋಣ ಅಂತಿದ್ದೆ ರೀ. ಸೊಂಟದ ಹೊಲಿಗೆ ಬಿಚ್ಚಿ ಬಿಚ್ಚಿ ಒಳಗೆ ಮಡಚಿದ್ದ ಬಟ್ಟೆಯೆಲ್ಲ ಮುಗೀತು. ಇನ್ನು ಬಿಚ್ಚೋಕೆ ಏನೂ ಉಳಿದಿಲ್ಲ."

ಅಂದೇ ಸಂಜೆ ಮೇಷ್ಟ್ರು ಆಸ್ಪತ್ರೆಗೆ ಹೋದರು. ಡಾಕ್ಟರು ತೂಕದ ಯಂತ್ರದ ಮುಳ್ಳು ನಿಲ್ಲುವವರೆಗೂ ಕಾದು, ಆಮೇಲೆ ಮೇಷ್ಟ್ರ ಮುಖ ನೋಡಿ, "ದಿನಾ ನಡೀರಿ. ಬೇಕರಿ ಕಡೆಗಲ್ಲ," ಅಂದರು.

ಮರುದಿನದಿಂದ ಖಾನೆಯಲ್ಲಿ ಬನ್ನಿನ ಬದಲು ಸೌತೆಕಾಯಿ ಬಂತು. ಪಾಪ, ಸೌತೆಕಾಯಿಯ ತಪ್ಪಲ್ಲ. ಲಾರಿಯೊಂದು ಕನ್ನಡಿಗೆ ಉಜ್ಜಿಕೊಂಡು ಹೋದಾಗ ಬಾಯಿಗೆ ಬಂದ ಜೀವವನ್ನು ತಳ್ಳುವ ಶಕ್ತಿ ಅದಕ್ಕಿರಲಿಲ್ಲ ಅಷ್ಟೆ. ಮಧ್ಯಾಹ್ನದ ಹೊತ್ತಿಗೆ ಮೇಷ್ಟ್ರು, "ಅಲ್ಲೊಂದು ನಿಮಿಷ ನಿಲ್ಲಿಸಿ, ಪಾರ್ಕಿಂಗ್ ಅಭ್ಯಾಸ ಆಗಲಿ," ಅಂತ ಬೇಕರಿಯ ಮುಂದೆಯೇ ಕಾರು ನಿಲ್ಲಿಸಲು ಕಲಿಸತೊಡಗಿದರು. ಆ ತಿಂಗಳು ಅವರ ಹತ್ತಿರ ಕಲಿತವರಿಗೆಲ್ಲ ಬೇಕರಿಯ ಮುಂದೆ ನಿಲ್ಲಿಸುವುದು ನೀರು ಕುಡಿದಷ್ಟು ಸುಲಭವಾಯಿತು.

ನಡೆಯುವ ಕತೆ ಇದಕ್ಕಿಂತ ಫಜೀತಿಯದು. ಬೆಳಿಗ್ಗೆ ಮೇಷ್ಟ್ರು ಹೊಸ ಬೂಟು ಹಾಕಿಕೊಂಡು ರಸ್ತೆಗಿಳಿದರೆ ಸಾಕು, ಪಕ್ಕದಲ್ಲಿ ಒಂದು ಕಾರು ಬಂದು ನಿಲ್ಲುತ್ತಿತ್ತು. ಊರಿನ ಅರ್ಧ ಜನ ಅವರ ಶಿಷ್ಯರು. ಕಾರು ಕಲಿಸಿದ ಗುರು ಕಾಲ್ನಡಿಗೆಯಲ್ಲಿ ಹೋಗುವುದನ್ನು ಯಾವ ಶಿಷ್ಯ ಸಹಿಸಿಯಾನು? "ಹತ್ತಿ ಸಾರ್, ಹತ್ತಿ!" ಬೇಡ ಅನ್ನಲು ಮೇಷ್ಟ್ರಿಗೆ ನಾಲಿಗೆ ಏಳುತ್ತಿರಲಿಲ್ಲ. ಹತ್ತುತ್ತಿದ್ದರು. ಹತ್ತಿದ ಮೇಲೆ ಈ ಕಾರಿನಲ್ಲಿ ತಮ್ಮ ಕಡೆ ಬ್ರೇಕ್ ಪೆಡಲ್ ಇಲ್ಲ ಅನ್ನುವುದು ನೆನಪಾಗುತ್ತಿತ್ತು. ತಾವೇ ಕಲಿಸಿದವರು ಈಗ ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸ್ಟಿಯರಿಂಗು ಹಿಡಿದು, ಮುಖ ಪೂರ್ತಿ ಗುರುಗಳ ಕಡೆಗೇ ತಿರುಗಿಸಿ ಕ್ಷೇಮಸಮಾಚಾರ ಕೇಳುತ್ತಿದ್ದರು. ಇಳಿಯುವ ಹೊತ್ತಿಗೆ ಮೇಷ್ಟ್ರ ಅಂಗಿ ಒದ್ದೆ. ಬೇಕರಿಗೆ ಹೋಗದೆ ವಿಧಿಯಿರಲಿಲ್ಲ. ತಿಂಗಳ ಕೊನೆಗೆ ನೋಡಿದರೆ ತೂಕ ಹೆಚ್ಚಾಗಿತ್ತು.

"ನಡೆದರೆ ದಪ್ಪ ಆಗುವವರನ್ನು ನಾನು ಮೊದಲನೇ ಸಲ ನೋಡ್ತಿರೋದು," ಅಂದರು ಡಾಕ್ಟರು.

ಗುಟ್ಟು ಹೊರಹಾಕಿದ್ದು ಅತ್ತೆ. ಹೆಂಡತಿಯ ತಾಯಿ ಅವರ ಜೊತೆಗೇ ಇದ್ದರು. ಕಣ್ಣು ಸ್ವಲ್ಪ ಮಂದ, ನಾಲಿಗೆ ಮಾತ್ರ ಬಲು ಚುರುಕು. ಒಂದು ದಿನ ಕನ್ನಡಕ ಬದಲಾಯಿಸಲು ಹೋಗಬೇಕಿತ್ತು. ಮೇಷ್ಟ್ರು, ಹೇಗೂ ಪಾಠ ಆ ಕಡೆಗೇ, ಅಂತ ಅವರನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡರು. ಸ್ಟಿಯರಿಂಗಿನ ಮುಂದೆ ಅದೇ ಸಂಗೀತದ ಟೀಚರ್. ದಾರಿಯುದ್ದಕ್ಕೂ ಅತ್ತೆ ಮುಂದಿನ ಸೀಟುಗಳ ನಡುವೆ ಕತ್ತು ಚಾಚಿ ನೋಡುತ್ತಲೇ ಇದ್ದರು. ಊಟದ ಹೊತ್ತಿಗೆ ಬಾಯಿ ಬಿಟ್ಟರು.

"ಅಳಿಯಂದಿರೇ, ನಿಮಗಿರೋದು ಹಸಿವಲ್ಲ."

"ಮತ್ತೇನು ಅತ್ತೆ?"

"ಭಯ. ಆಯಮ್ಮ ಗಕ್ ಅಂತ ಕಾರು ನಿಲ್ಲಿಸಿದಾಗಲೆಲ್ಲ ನಿಮ್ಮ ಕೈ ಖಾನೆಗೆ ಹೋಗ್ತಿತ್ತು. ನೆಟ್ಟಗೆ ಓಡಿಸಿದಾಗ ಒಂದು ಚೂರೂ ತಿನ್ನಲಿಲ್ಲ ನೀವು."

ಮೇಷ್ಟ್ರಿಗೆ ಮುಖಕ್ಕೆ ಹೊಡೆದಂತಾಯಿತು. "ನನಗೆ ಭಯಾನಾ? ಇಷ್ಟು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ!"

"ಅದಕ್ಕೇ ಇಷ್ಟು ಹೊಟ್ಟೆ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನೀವು ಮಾತನ್ನೂ ನುಂಗ್ತೀರಿ, ಬನ್ನನ್ನೂ ನುಂಗ್ತೀರಿ. ಎರಡೂ ಹೋಗಿ ಕೂರೋದು ಒಂದೇ ಜಾಗದಲ್ಲಿ."

ಹೆಂಡತಿ ತಟ್ಟೆಯ ಮೇಲೆ ಬಗ್ಗಿಕೊಂಡು ನಗು ತಡೆದಳು. ಮೇಷ್ಟ್ರು ಎದ್ದು ಕೈ ತೊಳೆದರು. ಅಂದು ಅವರಿಗೆ ನಿದ್ದೆ ಸರಿಯಾಗಿ ಬರಲಿಲ್ಲ. ರಜೆಯ ದಿನಗಳಲ್ಲಿ ತಮಗೆ ಬನ್ನಿನ ನೆನಪೇ ಆಗುವುದಿಲ್ಲ ಅನ್ನುವುದು ಹೊಳೆದ ಮೇಲಂತೂ ಅವರಿಗೆ ಇನ್ನಷ್ಟು ಸಂಕಟವಾಯಿತು. ಅತ್ತೆ ಹೇಳಿದ್ದು ಸರಿ ಅಂತ ಒಪ್ಪುವುದಕ್ಕಿಂತ ಒಂದು ಇಡೀ ಕೇಕು ತಿನ್ನುವುದು ಅವರಿಗೆ ಸುಲಭವಿತ್ತು.

ಎರಡು ದಿನ ಬಿಟ್ಟು ಹಲ್ಲಿನ ಡಾಕ್ಟರು ಸಿಕ್ಕರು. ಮೇಷ್ಟ್ರ ಶಿಷ್ಯರಲ್ಲೆಲ್ಲ ಅತಿ ಧೈರ್ಯವಂತ ಮನುಷ್ಯ. "ಹತ್ತಿ ಗುರುಗಳೇ!" ಅಂದವರು ಗುರುಗಳ ಕಾಲು ಒಳಗೆ ಬರುವ ಮೊದಲೇ ಗೇರು ಹಾಕಿದರು. ಸೇತುವೆಯ ಮೇಲೆ ಒಂದು ಟ್ಯಾಂಕರನ್ನು ಹಿಂದೆ ಹಾಕುತ್ತಾ, ಮೇಷ್ಟ್ರ ಬಾಯಿಯೊಳಗೇ ಇಣುಕಿ, "ಆ ಕೊನೆಯ ದವಡೆಹಲ್ಲು ಹೇಗಿದೆ?" ಅಂತ ಕೇಳಿದರು. ಎದುರಿಗೆ ಒಂದು ಬಸ್ಸು ಬರುತ್ತಿತ್ತು. ಇಲ್ಲದ ಪೆಡಲನ್ನು ಮೇಷ್ಟ್ರ ಕಾಲು ತುಳಿಯಿತು, ಇಲ್ಲದ ಬನ್ನನ್ನು ಕೈ ಹುಡುಕಿತು. ಎರಡೂ ಸಿಗದೆ, ಇಷ್ಟು ವರ್ಷ ಒಳಗೇ ಉಳಿದದ್ದು ಹೊರಗೆ ಬಂತು.

"ನಿಲ್ಲಿಸಯ್ಯಾ! ನನಗೆ ಭಯ ಆಗ್ತಿದೆ!"

ಹಲ್ಲಿನ ಡಾಕ್ಟರು ಬೆಚ್ಚಿಬಿದ್ದು ಟ್ಯಾಂಕರಿನ ಹಿಂದೆ ಸರಿದು, ಸೇತುವೆ ದಾಟಿ ಕಾರು ನಿಲ್ಲಿಸಿದರು. ತಮ್ಮ ಕುರ್ಚಿಯಲ್ಲಿ ಕೂತು ಎಷ್ಟೋ ಜನ ಹಾಗೆ ಕೂಗಿದ್ದನ್ನು ಅವರು ಕೇಳಿದ್ದರು. ತಮ್ಮ ಕಾರಿನಲ್ಲಿ ಯಾರೂ ಕೂಗಿರಲಿಲ್ಲ.

"ಗುರುಗಳೇ, ನಾನು ಅಷ್ಟು ಕೆಟ್ಟದಾಗಿ ಓಡಿಸ್ತೀನಾ?"

"ಹೌದು," ಅಂದರು ಮೇಷ್ಟ್ರು. ಪರವಾಗಿಲ್ಲ ಅನ್ನುವುದು ನಾಲಿಗೆ ತುದಿಯವರೆಗೂ ಬಂದು ವಾಪಸ್ ಹೋಯಿತು.

ಇಳಿದು ಮನೆಯವರೆಗೂ ನಡೆದರು. ದಾರಿ ದೂರ, ಬಿಸಿಲು, ಹೊಸ ಬೂಟು ಬೇರೆ ಕಚ್ಚುತ್ತಿತ್ತು. ಬೇಕರಿಯನ್ನು ದಾಟಿ ತಮ್ಮ ಬೀದಿಗೆ ತಿರುಗಿದ ಮೇಲೆಯೇ, ಅಯ್ಯೋ, ಬೇಕರಿ ದಾಟಿಬಿಟ್ಟೆನಲ್ಲ ಅಂತ ಅವರಿಗೆ ಗೊತ್ತಾದದ್ದು.

ಅಂದಿನಿಂದ ಪಾಠದ ರೀತಿ ಬದಲಾಯಿತು. "ಟೀಚರ್, ನೀವು ಹೀಗೆ ತಿರುಗಿಸಿದರೆ ನನಗೆ ಹೆದರಿಕೆ ಆಗುತ್ತೆ. ನಿಧಾನ ಮಾಡಿ," ಅಂತ ಮೇಷ್ಟ್ರು ನೇರವಾಗಿ ಹೇಳತೊಡಗಿದರು. ಟೀಚರಿಗೆ ಸಿಟ್ಟು ಬರಲಿಲ್ಲ. "ಮೊದಲೇ ಹೇಳಬಾರದಿತ್ತಾ ಸಾರ್? ನೀವು ಆರಾಮಾಗಿ ತಿಂತಾ ಕೂತಿರ್ತೀರಿ, ನಾನು ಸರಿಯಾಗಿಯೇ ಓಡಿಸ್ತಿದ್ದೀನಿ ಅಂದುಕೊಂಡಿದ್ದೆ," ಅಂದರು. ಮುಂದಿನ ತಿರುವಿಗೆ ಅವರ ಕಾಲು ತಾನಾಗಿಯೇ ಬ್ರೇಕಿಗೆ ಹೋಯಿತು.

ಬೆಳಿಗ್ಗೆ ಲಿಫ್ಟು ಕೊಡಲು ಬಂದವರಿಗೆ, "ಬೇಡಪ್ಪ, ನಡೀಬೇಕು," ಅಂತ ಮೇಷ್ಟ್ರು ಕೈ ಮುಗಿಯುತ್ತಿದ್ದರು. ಹಾಗಂತ ಎಲ್ಲವೂ ನೆಟ್ಟಗೆ ಹೋಯಿತು ಅಂತಲ್ಲ. ಹೊಸಬರೊಬ್ಬರು ರೈಲ್ವೆ ಗೇಟಿನ ನಟ್ಟನಡುವೆ ಎಂಜಿನ್ ಆಫ್ ಮಾಡಿಕೊಂಡ ದಿನ ಮೇಷ್ಟ್ರು ಸೀದಾ ಬೇಕರಿಗೆ ನುಗ್ಗಿ, ಯಾರದೋ ಹುಟ್ಟುಹಬ್ಬಕ್ಕೆ ಇಟ್ಟಿದ್ದ ಕೇಕನ್ನೇ ಕೊಂಡು ಬಂದರು. ಅರ್ಧ ಮುಗಿಸಿದ ಮೇಲೆ ಹೆಂಡತಿ ಪಕ್ಕದಲ್ಲಿ ಕೂತು, "ರೈಲು ಬಂತಾ?" ಅಂತ ಮೆಲ್ಲಗೆ ಕೇಳಿದಳು. "ಬರಲಿಲ್ಲ ಕಣೇ. ಆದರೆ ಬಂದಿದ್ದರೆ?" ಅನ್ನುವಾಗ ಮೇಷ್ಟ್ರ ಕಣ್ಣಲ್ಲಿ ನೀರು ತುಂಬಿತು. ಅವಳು ಬೈಯಲಿಲ್ಲ. ಉಳಿದ ಅರ್ಧವನ್ನು ಪಕ್ಕದ ಮನೆಗೆ ಕೊಟ್ಟು ಬಂದಳು. ಮರುದಿನ ಬೆಳಿಗ್ಗೆ ತಾನೂ ಚಪ್ಪಲಿ ಮೆಟ್ಟಿಕೊಂಡು ಗಂಡನ ಜೊತೆ ಹೊರಟಳು. ಆಮೇಲೆ ಅದೇ ಅಭ್ಯಾಸವಾಯಿತು. ಬೆಳಗಿನ ತಂಪಿನಲ್ಲಿ ಹಿಂದಿನ ದಿನದ ಗಂಡಾಂತರಗಳನ್ನೆಲ್ಲ ಅವರು ಹೇಳುವುದು, ಅವಳು ಕೇಳಿ ಕೇಳಿ ನಗುವುದು.

ತೂಕ ಆಮೆಯ ನಡಿಗೆಯಲ್ಲಿ ಇಳಿಯಿತು. ಆದರೂ ಇಳಿಯಿತು. ಮೇಷ್ಟ್ರು ಮೆಟ್ಟಿಲು ಹತ್ತಿ ಏದುಸಿರಿಲ್ಲದೆ ಮಾತಾಡುವಂತಾದ ದಿನ, ಅತ್ತೆ ಹೊಸ ಕನ್ನಡಕ ಹಾಕಿಕೊಂಡು ಎದುರಿಗೆ ನಿಂತರು.

"ಅಳಿಯಂದಿರೇ, ನನಗೂ ಕಾರು ಕಲಿಸಿ."

ಮೇಷ್ಟ್ರು ಹೆಂಡತಿಯ ಮುಖ ನೋಡಿದರು. ಅವಳು ಸೂಜಿಗೆ ದಾರ ಪೋಣಿಸುವುದರಲ್ಲಿ ಮುಳುಗಿಹೋದಳು.

"ಅತ್ತೆ, ನಿಜ ಹೇಳಲಾ? ನನಗೆ ಭಯ ಆಗುತ್ತೆ."

"ಆಗಲಿ ಬಿಡಿ. ನನಗೂ ಆಗುತ್ತೆ. ಇಬ್ಬರೂ ನಿಧಾನವಾಗಿ ಹೋಗೋಣ."

ಬೆಳಗಿನ ಖಾಲಿ ಮೈದಾನದಲ್ಲಿ ಅತ್ತೆ ಸೆರಗು ಬಿಗಿದು ಸ್ಟಿಯರಿಂಗಿನ ಹಿಂದೆ ಕೂತರು. ಕಾರು ಒಮ್ಮೆ ಜಿಗಿದು ನಿಂತಿತು. ಮತ್ತೊಮ್ಮೆ ಜಿಗಿದು ನಿಂತಿತು. ಮೂರನೇ ಸಲ ನಾಲ್ಕು ಮಾರು ಓಡಿತು. ಅತ್ತೆ ಮಗುವಿನ ಹಾಗೆ ಕೇಕೆ ಹಾಕಿ ಎರಡೂ ಕೈ ಮೇಲೆತ್ತಿದರು.

"ಕೈ! ಅತ್ತೆ, ಕೈ!" ಅಂತ ಮೇಷ್ಟ್ರು ಮೈದಾನವೆಲ್ಲ ಕೇಳುವ ಹಾಗೆ ಕಿರುಚಿದರು.